ಸೀನಿಯಮ್ಮಾಳ್ ನೋಡದ ನಲವತ್ತು ನಿಮಿಷ

"ಅಯ್ಯೋ, ಪಟಾಕಿ ಕಣೇ ಮೇಕಲಾ! ಪಟಾಕಿ ಸಿಡಿದು ಹೋಗಿದ್ದಂತೆ ಕಣ್ಣು!"

"ಮತ್ತೆ ನೀವೇನು ಅಂದ್ಕೊಂಡಿದ್ರಿ ಅತ್ತೆ?"

"ಅತ್ತೂ ಅತ್ತೂ ಹೋಯ್ತು ಅಂದ್ಕೊಂಡಿದ್ದೆ. ನಾನು ಎದ್ದು ಹೋಗುವಾಗ ಆ ಹುಡುಗಿಗೆ ಎರಡೂ ಕಣ್ಣಿದ್ವು, ಗಂಡನ ಕಾಗದ ಓದ್ಕೊಂಡು ಅಳ್ತಾ ಇದ್ಲು. ವಾಪಸ್ ಬಂದು ನೋಡಿದ್ರೆ ಕೋಲು ಹಿಡ್ಕೊಂಡು ಗೋಡೆ ತಡವ್ತಾ ಇದ್ಲು. ಮಧ್ಯದಲ್ಲಿ ಏನಾಯ್ತು ಅಂತ ನನಗೆ ಕನಸು ಬೀಳುತ್ತಾ?"

"ಪಕ್ಕದಲ್ಲಿ ಕೂತೋರನ್ನ ಕೇಳಬಹುದಿತ್ತಲ್ಲ."

"ಕೇಳಿದ್ರೆ ಟಾಕೀಸಿನ ಗೇಟಿನವನು ಮೊದಲು ನನ್ನನ್ನೇ ಹೊರಗೆ ಹಾಕ್ತಿದ್ದ. ಇಷ್ಟು ವರ್ಷ ಆ ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದೆನಲ್ಲೇ! ಹೆಂಡತೀನ ಅಳಿಸಿ ಅಳಿಸಿ ಕುರುಡಿ ಮಾಡಿದ ಪಾಪಿ ಅಂತ. ಪಾಪ, ಅವನದೇನೂ ತಪ್ಪೇ ಇಲ್ಲ."

ಹೀಗಂದವಳೇ ಸೀನಿಯಮ್ಮಾಳ್ ಟಿವಿಯ ಕಡೆ ತಿರುಗಿ, ಕಪ್ಪು ಬಿಳುಪಿನ ಆ ಗಂಡನಿಗೆ ನಿಜವಾಗಿಯೂ ಕೈ ಮುಗಿದು, ಕೆನ್ನೆ ಕೆನ್ನೆ ಬಡಿದುಕೊಂಡಳು. ಸೊಸೆ ಮೇಕಲಾ ನಗು ತಡೆಯಲಾರದೆ ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿದಳು.

ಎಪ್ಪತ್ತೊಂದು ವರ್ಷದ ಸೀನಿಯಮ್ಮಾಳ್ ಸಾತ್ತೂರಿನಲ್ಲಿ ಎಷ್ಟು ಸಿನಿಮಾ ನೋಡಿದ್ದಾಳೆ ಅಂದರೆ, ಅಷ್ಟು ಸಿನಿಮಾ ನೋಡಿದವರು ಆ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ಪೂರ್ತಿಯಾಗಿ ನೋಡಿದ್ದು? ಒಂದೂ ಇಲ್ಲ! ಯಾಕೆಂದರೆ ಇಪ್ಪತ್ತೇಳು ವರ್ಷ ಪೊನ್ನಿ ಟಾಕೀಸಿನ ಒಳಗೆ ಖಾರದ ಸೇವಿನ ಅಂಗಡಿ ಇಟ್ಟಿದ್ದು ಅವಳೇ. ಬೆಳಿಗ್ಗೆ ಮನೆಯಲ್ಲಿ ಸೇವು ಹಿಂಡಿ ತಗಡಿನ ಡಬ್ಬಿಗೆ ತುಂಬಿಕೊಂಡು ಹೋದರೆ, ಆಟ ಶುರುವಾಗುವ ಹೊತ್ತಿಗೆ ಅವಳಿಗೆ ಕೆಲಸವಿಲ್ಲ, ಹೆಂಗಸರ ಬೆಂಚಿನ ತುದಿಯಲ್ಲಿ ಕೂತುಬಿಡುತ್ತಿದ್ದಳು. ಸಿನಿಮಾ ಶುರುವಾಗಿ ಒಂದು ಗಂಟೆ ಐದು ನಿಮಿಷ ಆಗುತ್ತಿದ್ದಂತೆ, ಪರದೆಯ ಮೇಲೆ ಯಾರ ತಾಳಿ ಕಿತ್ತುಹೋಗಲಿ, ಯಾರ ಮಗು ನದಿಗೆ ಬೀಳಲಿ, ಎದ್ದು ಹೊರಗೆ ಹೋಗಬೇಕು. ಇಂಟರ್ವಲ್ ಗಂಟೆ ಹೊಡೆಯುವಷ್ಟರಲ್ಲಿ ಸೇವು ಪೊಟ್ಟಣ ಕಟ್ಟಿ ಸಾಲಾಗಿ ಇಟ್ಟಿರಬೇಕು. ಆಮೇಲೆ ಜನ ಮುಗಿಬಿದ್ದು, ತಿಂದು, ಒಳಗೆ ಹೋಗಿ, ಅವಳು ಡಬ್ಬಿ ಒರೆಸಿ ಮುಚ್ಚಿ ಮತ್ತೆ ಬೆಂಚಿಗೆ ಬರುವ ಹೊತ್ತಿಗೆ ಪರದೆಯ ಮೇಲೆ ಅರ್ಧ ಲೋಕವೇ ಬದಲಾಗಿರುತ್ತಿತ್ತು. ಹಾಗಾಗಿ ಅವಳು ನೋಡಿದ ಪ್ರತಿ ಸಿನಿಮಾದ ಹೊಟ್ಟೆಯಲ್ಲೂ ನಲವತ್ತು ನಿಮಿಷದ ಒಂದು ತೂತು.

ಇನ್ನೂ ತಮಾಷೆ ಅಂದರೆ, ಟಾಕೀಸು ಮುಚ್ಚಿ ಅದು ಮದುವೆ ಛತ್ರವಾಗಿ ಎಷ್ಟೋ ವರ್ಷವಾದರೂ ಅವಳ ಕಾಲಿಗೆ ಆ ಸುದ್ದಿ ಮುಟ್ಟಿರಲೇ ಇಲ್ಲ! ಮನೆಯ ಟಿವಿಯಲ್ಲಿ ಸಿನಿಮಾ ನೋಡುವಾಗಲೂ ಒಂದು ಗಂಟೆ ಐದು ನಿಮಿಷಕ್ಕೆ ಸರಿಯಾಗಿ ಎದ್ದು ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಅಂತ ತಿಳಿಯದೆ ಒಂದು ಪಾತ್ರೆ ತೊಳೆದು, ಇನ್ನೊಂದು ಒರೆಸಿ, ನಲವತ್ತು ನಿಮಿಷ ಕಳೆದು ವಾಪಸ್ ಬಂದು ಕೂರುತ್ತಿದ್ದಳು. ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಕಲಾ ಈ ಬೇಸಿಗೆ ರಜೆಯಲ್ಲಿ ಮೂರು ದಿನ ಗಡಿಯಾರ ನೋಡಿ ಇದನ್ನು ಕಂಡುಹಿಡಿದಳು. ನಾಲ್ಕನೇ ದಿನದಿಂದ ಅತ್ತೆ ಎದ್ದ ಕೂಡಲೇ ರಿಮೋಟಿನಿಂದ ಸಿನಿಮಾ ನಿಲ್ಲಿಸತೊಡಗಿದಳು. ಪರದೆಯ ಮೇಲೆ ಎಲ್ಲರೂ ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಸೀನಿಯಮ್ಮಾಳ್ ಪಾತ್ರೆ ಒರೆಸಿ ಬಂದು ಕೂತರೆ, ಬಿಟ್ಟ ಜಾಗದಿಂದಲೇ ಮುಂದುವರಿಯುತ್ತಿತ್ತು. ಅವಳ ಬಾಳಿನಲ್ಲಿ ಸಿನಿಮಾದ ನಡುಭಾಗ ಬಂದಿದ್ದು ಹೀಗೆ!

ಅವಳ ಅಭಿಪ್ರಾಯಗಳೋ, ಕೇಳಬೇಕು! ಸಿನಿಮಾದ ಹೆಸರು ಅವಳಿಗೆ ಒಂದೂ ನೆನಪಿಲ್ಲ, ಇಂಟರ್ವಲ್‌ನಲ್ಲಿ ಎಷ್ಟು ಡಬ್ಬಿ ಸೇವು ಖಾಲಿಯಾಯಿತು ಅನ್ನುವುದೇ ಲೆಕ್ಕ. ಖಳನಾಯಕ ನಾಯಕನ ತಂಗಿಯ ಕೈ ಹಿಡಿದೆಳೆಯುವಾಗ ಇಂಟರ್ವಲ್ ಬಿಟ್ಟರೆ ಆರು ಡಬ್ಬಿ, ಸಿಟ್ಟಿಗೆ ಜನ ಕಟಕಟ ಅಗಿಯುತ್ತಾರೆ. ತಾಯಿ ಸತ್ತಾಗ ಬಿಟ್ಟರೆ ಎರಡು ಡಬ್ಬಿ, ದುಃಖಕ್ಕೆ ಚಹಾ ಮಾತ್ರ ಇಳಿಯುತ್ತದೆ. ಕೊಲೆ ಮಾಡಿದ್ದು ಯಾರು ಅಂತ ಹೇಳದೆ ಬಿಟ್ಟರಂತೂ ಜನ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಆದ್ದರಿಂದ ಪತ್ತೇದಾರಿ ಸಿನಿಮಾ ಅಂದರೆ ಅವಳಿಗೆ ಈಗಲೂ ಆಗದು. "ಹೊಟ್ಟೆ ಮೇಲೆ ಹೊಡೆಯೋ ಪಿಚ್ಚರ್" ಅಂತಾಳೆ.

ಹಳೆಯ ಸಿನಿಮಾಗಳನ್ನೂ ಸುಮ್ಮನೆ ಬಿಡುವವಳಲ್ಲ. "ಕೆನ್ನೆ ಮೇಲೆ ಒಂದು ಮಚ್ಚೆ ಅಂಟಿಸ್ಕೊಂಡ್ರೆ ಹೆತ್ತ ತಾಯಿಗೇ ಗುರುತು ಸಿಗಲ್ವಂತೆ! ನನ್ನ ಮಗ ತಲೆ ಬೋಳಿಸ್ಕೊಂಡು ಗಡ್ಡ ಬಿಟ್ಕೊಂಡು ಬರ್ಲಿ, ಒಂದು ಸೀನು ಸೀನಿದ್ರೆ ಸಾಕು, ಹೇಳ್ತೀನಿ." ಆ ಮಗ ಪಕ್ಕದಲ್ಲೇ ಇರುತ್ತಾನೆ. ಟಿವಿ ಹಾಕಿದ ಐದೇ ನಿಮಿಷಕ್ಕೆ ಗೊರಕೆ ಹೊಡೆಯುವ ಜಾತಿ ಅವನದು.

ಹೊಸ ಸಿನಿಮಾ ಹಾಕಿದರೆ ಮೊದಲು ಎದ್ದು ಟಿವಿಯ ಪರದೆ ಒರೆಸುತ್ತಾಳೆ. "ಏನೇ ಇದು, ಊರಿಗೆಲ್ಲ ಕರೆಂಟ್ ಹೋಗಿದೆಯಾ? ಎಲ್ಲರಿಗೂ ಗಡ್ಡ ಬೇರೆ. ಇದರಲ್ಲಿ ಒಳ್ಳೆಯವನು ಯಾರು ಅಂತ ಮೊದಲು ಹೇಳು, ಆಮೇಲೆ ನೋಡ್ತೀನಿ." ನಾಯಕ ನಿಧಾನಕ್ಕೆ ನಡೆದು ಬರುವುದು ಕಂಡರೆ ಅವಳ ಮೈಯೆಲ್ಲ ಉರಿ. "ಅವನು ಬಾಗಿಲಿಂದ ಕುರ್ಚಿಗೆ ಬರೋಷ್ಟರಲ್ಲಿ ನಾನು ಒಂದು ಒಬ್ಬೆ ಸೇವು ಕರಿದು ತೆಗೀತಿದ್ದೆ." ಹಾಗಂತ ಹೊಸದೆಲ್ಲ ಕೆಟ್ಟದ್ದು ಅನ್ನುವ ಮುದುಕಿಯೂ ಅಲ್ಲ. ಮೊನ್ನೆ ಒಂದು ಸಿನಿಮಾದಲ್ಲಿ ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಕೂತು ಈರುಳ್ಳಿ ಹೆಚ್ಚುವುದನ್ನೇ ತೋರಿಸಿದರು, ಬೇರೇನೂ ನಡೆಯಲಿಲ್ಲ. ಮೇಕಲಾಗೆ ನಿದ್ದೆ ಬಂತು. ಸೀನಿಯಮ್ಮಾಳ್ ಮಾತ್ರ ಮುಂದಕ್ಕೆ ಬಾಗಿ, "ನಿಜವಾಗ್ಲೂ ಹೆಚ್ತಿದ್ದಾಳೆ ಕಣೇ, ಸಣ್ಣಕ್ಕೆ! ಇವಳಿಗೆ ಕೆಲಸ ಗೊತ್ತು" ಅಂತ ಎರಡೆರಡು ಸಲ ನೋಡಿದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ತೂತುಗಳನ್ನು ಸೀನಿಯಮ್ಮಾಳ್ ತೂತಾಗಿಯೇ ಬಿಟ್ಟಿರಲಿಲ್ಲವಲ್ಲ!

ಆಗೆಲ್ಲ ಬೀದಿಯ ಹೆಂಗಸರು ಮಧ್ಯಾಹ್ನ ಒಂದೇ ಜಗಲಿಯ ಮೇಲೆ ಕೂತು ಬೆಂಕಿಪೊಟ್ಟಣಕ್ಕೆ ಕಾಗದ ಅಂಟಿಸುತ್ತಿದ್ದರು. ಹಲವರ ಗಂಡಂದಿರು ಟಾಕೀಸಿನ ಕಡೆ ತಲೆ ಹಾಕಲೂ ಬಿಡುತ್ತಿರಲಿಲ್ಲ. ಅವರಿಗೆಲ್ಲ ಸಿನಿಮಾ ಅಂದರೆ ಸೀನಿಯಮ್ಮಾಳ್ ಬಾಯಲ್ಲಿ ಕೇಳಿದ್ದೇ. ಅಂಟಿನ ಬಟ್ಟಲ ಸುತ್ತ ಹನ್ನೆರಡು ಹೆಂಗಸರು ಬಾಯಿ ಬಿಟ್ಟುಕೊಂಡು ಕೂತಿರುವಾಗ, "ಇಲ್ಲಿಂದ ಮುಂದೆ ನಾನು ಸೇವು ಕಟ್ಟೋಕೆ ಹೋಗಿದ್ದೆ" ಅನ್ನುವುದಕ್ಕೆ ಆಗುತ್ತದೆಯೇ? ಅಂಟನ್ನು ಅವಳ ಮುಖಕ್ಕೇ ಬಳಿಯುತ್ತಿದ್ದರು! ಆದ್ದರಿಂದ ಎದ್ದು ಹೋಗುವಾಗ ಕಂಡದ್ದಕ್ಕೂ ವಾಪಸ್ ಬಂದಾಗ ಕಂಡದ್ದಕ್ಕೂ ನಡುವೆ ತಾನೇ ಕಥೆ ಹೊಲಿದು ಜೋಡಿಸುತ್ತಿದ್ದಳು. ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತಲೇ ಇರಲಿಲ್ಲ. ಹೀಗೇ ಆಗಿರಬೇಕು ಅಂತ ಅವಳಿಗೇ ನಂಬಿಕೆ.

ಒಂದು ಶುಕ್ರವಾರ ಸಂಜೆ ಬಂದು ಅಂಥ ಒಂದು ತೂತಿಗೆ ಕೈ ಹಾಕಿದವಳು ಮುತ್ತುಪೇಚ್ಚಿ.

ಅರವತ್ತಮೂರರ ಮುತ್ತುಪೇಚ್ಚಿಗೆ ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ, ಆರು ಮೆಷಿನ್, ಕೆಲಸ ಕಲಿಯಲು ಬರುವ ಹುಡುಗಿಯರು. ನಲವತ್ತೊಂದು ವರ್ಷದ ಹಿಂದೆ ಅವಳು ಅದೇ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತು, ಮಾತಿಲ್ಲದೆ ಪೊಟ್ಟಣ ಅಂಟಿಸುತ್ತಿದ್ದ ಇಪ್ಪತ್ತೆರಡರ ಹುಡುಗಿ. ಗಂಡನ ಮನೆಯವರು ಉಟ್ಟ ಸೀರೆಯಲ್ಲೇ ಹೊರಗೆ ಹಾಕಿದ್ದರು. ಆ ವಾರ ಸೀನಿಯಮ್ಮಾಳ್ ಹೇಳಿದ ಸಿನಿಮಾದಲ್ಲೂ ಹಾಗೇ ಒಬ್ಬಳನ್ನು ಗಂಡ ಹೊರಗೆ ಹಾಕಿದ್ದ. ಅವಳು ಅಳುತ್ತಾ ಕೂರಲಿಲ್ಲ, ಒಂದು ಹಳೇ ಹೊಲಿಗೆ ಮೆಷಿನ್ ತಂದು, ಮೊದಲು ಊರ ಮಕ್ಕಳ ಚಡ್ಡಿ ಹೊಲಿದು, ಆಮೇಲೆ ರವಿಕೆ ಹೊಲಿದು, ತಲೆ ಎತ್ತಿ ನಿಂತಳು. ಗಂಡನೇ ಹುಡುಕಿಕೊಂಡು ಬಂದ. ಕಥೆ ಮುಗಿದ ಮಾರನೇ ದಿನ ಮುತ್ತುಪೇಚ್ಚಿ ತಾಯಿಯ ಕಿವಿಯ ಓಲೆ ಬಿಚ್ಚಿಸಿಕೊಂಡು ಹೋಗಿ ಅಡ ಇಟ್ಟು ಮೆಷಿನ್ ತಂದಿದ್ದಳು. ಗಂಡ ಮಾತ್ರ ಬರಲಿಲ್ಲ. "ಆ ಒಂದು ರೀಲು ನನಗೆ ಕಟ್ ಆಯ್ತು, ಒಳ್ಳೇದೇ ಆಯ್ತು" ಅಂತ ಈಗ ನಗುತ್ತಾಳೆ.

"ಸೀನಿಯಕ್ಕಾ," ಅಂದಳು ಶುಕ್ರವಾರ, ಮಲ್ಲಿಗೆ ಹೂವಿನ ಪೊಟ್ಟಣ ಕೈಗಿಡುತ್ತಾ, "ನಿಮ್ಮ ಟಿವಿಯಲ್ಲಿ ಯಾವ ಹಳೇ ಸಿನಿಮಾ ಬೇಕಾದ್ರೂ ಬರುತ್ತಂತೆ? ನನ್ನ ಸಿನಿಮಾ ಹಾಕಿಸು. ನಿನ್ನ ಬಾಯಲ್ಲಿ ಕೇಳಿದ್ದು ಬಿಟ್ರೆ ಒಂದು ದಿನವೂ ಕಣ್ಣಲ್ಲಿ ನೋಡಿಲ್ಲ. ಹುಡುಗೀರು ಬಂದ ಮೊದಲನೇ ದಿನ ಎಲ್ಲರಿಗೂ ಅದೇ ಕಥೆ ಹೇಳ್ತೀನಿ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತೀನಿ, ಅಷ್ಟರಲ್ಲಿ ಹುಡುಕಿಸಿಡು."

ಮೇಕಲಾ ಬುಧವಾರ ಮಧ್ಯಾಹ್ನವೇ ಹುಡುಕಿ ಹಾಕಿದಳು. ಅತ್ತೆ ಸೊಸೆ ಇಬ್ಬರೇ ಬಾಗಿಲು ಹಾಕಿಕೊಂಡು ನೋಡಿದರು. ಒಂದು ಗಂಟೆ ಐದು ನಿಮಿಷವಾಯಿತು. ಸೀನಿಯಮ್ಮಾಳ್ ಎದ್ದಳು, ಪಾತ್ರೆ ಒರೆಸಿದಳು, ಬಂದು ಕೂತಳು.

ಟಾಕೀಸಿನಲ್ಲಿ ಅವಳು ನೋಡದೆ ಬಿಟ್ಟಿದ್ದ ಆ ನಲವತ್ತು ನಿಮಿಷದಲ್ಲಿ ನಾಯಕಿ ಏನು ಮಾಡಿದಳು? ಗಂಡನ ಮನೆಯ ಹಿಂದಿನ ದನದ ಕೊಟ್ಟಿಗೆಯಲ್ಲಿ ಕೂತು ಅತ್ತಳು. ಗಂಡ ಉಗುಳಿ ಹೋದ ಜಾಗ ತೊಳೆದು ಹಾಡು ಹೇಳಿದಳು. ದೇವಸ್ಥಾನದ ಸುತ್ತ ಉರುಳುಸೇವೆ ಮಾಡಿದಳು. ಕೊನೆಗೆ ಒಬ್ಬ ಶ್ರೀಮಂತನ ಮನೆಯಲ್ಲಿ ಕೆಲಸಕ್ಕೆ ಸೇರಿ ನೆಲ ಗುಡಿಸಿದಳು. ಅಂದು ಸೀನಿಯಮ್ಮಾಳ್ ಡಬ್ಬಿ ಮುಚ್ಚಿ ವಾಪಸ್ ಬಂದಾಗ ನಾಯಕಿಯ ಹಿಂದೆ ಮೂಲೆಯಲ್ಲಿ ಕಂಡಿತ್ತಲ್ಲ ಹೊಲಿಗೆ ಮೆಷಿನ್, ಅದು ಆ ಮನೆ ಯಜಮಾನಿಯದು. ಅಷ್ಟೇ!

"ದಾರನೇ ಪೋಣಿಸಿಲ್ವಲ್ಲೇ ಅದಕ್ಕೆ," ಅಂದಳು ಸೀನಿಯಮ್ಮಾಳ್.

"ಹಾಗಾದ್ರೆ ಆ ಚಡ್ಡಿ, ರವಿಕೆ, ತಲೆ ಎತ್ತಿ ನಿಂತಿದ್ದು, ಎಲ್ಲಾ?"

"ನಾನೇ."

ಮೇಕಲಾ ಅತ್ತೆಯನ್ನು ಹೊಸದಾಗಿ ನೋಡುವಂತೆ ನೋಡಿದಳು. "ಅತ್ತೆ, ಆ ಡೈರೆಕ್ಟರಿಗಿಂತ ನಿಮ್ಮದೇ ಚೆನ್ನಾಗಿದೆ."

"ಚೆನ್ನಾಗಿದೆಯಂತೆ! ಅವಳು ಓಲೆ ಅಡ ಇಟ್ಟಿದ್ದು ಸಿನಿಮಾನ ನಂಬಿ ಕಣೇ. ಇಡೀ ಬಾಳನ್ನೇ ಇಟ್ಲು. ಈಗ ಬಂದು ನೋಡಿ, 'ಅಕ್ಕಾ, ಸುಳ್ಳು ನಂಬಿಸಿ ನನ್ನನ್ನ ಆಡಿಸಿದೆಯಾ' ಅಂದ್ರೆ? ಮುಖ ಹೇಗೆ ತೋರಿಸ್ಲಿ? ಸಿಗಲಿಲ್ಲ ಅಂತ ಹೇಳಿಬಿಡು."

"ಅವರೇ ಫೋನಿನಲ್ಲಿ ಹುಡುಕ್ಕೊಂಡ್ರೆ?"

"ಟಿವಿ ಕೆಟ್ಟಿದೆ ಅನ್ನು."

"ನಾನು ಸುಳ್ಳು ಹೇಳಲ್ಲಪ್ಪ. ನಿಮ್ಮಷ್ಟು ಚೆನ್ನಾಗಿ ಹೇಳೋಕೆ ಬರಲ್ಲ."

ಅದಾದ ಮೇಲೆ ಸೀನಿಯಮ್ಮಾಳ್‌ಗೆ ಅನ್ನ ಸೇರಲಿಲ್ಲ. ಮುತ್ತುಪೇಚ್ಚಿಗೆ ಫೋನ್ ಮಾಡಬೇಕೆಂದು ಗುರುವಾರ ಎರಡು ಸಲ ಎತ್ತಿಕೊಂಡಳು, ಎರಡು ಸಲವೂ ಮಲ್ಲಿಗೆ ಮೊಳಕ್ಕೆಷ್ಟು ಅಂತ ಕೇಳಿ ಇಟ್ಟುಬಿಟ್ಟಳು. ಹೊಸ ಸಿನಿಮಾ ಹಾಕಿದರೂ ಬೈಯಲಿಲ್ಲ. ಪರದೆ ಕತ್ತಲಾಗಿಯೇ ಇತ್ತು, ಒರೆಸಲೂ ಏಳಲಿಲ್ಲ. ಇದನ್ನು ನೋಡಿ ಮಗನಿಗೇ ಎಚ್ಚರವಾಗಿ, "ಅಮ್ಮನಿಗೆ ಜ್ವರವಾ?" ಅಂತ ಕೇಳಿದ.

ಭಾನುವಾರ ಮುತ್ತುಪೇಚ್ಚಿ ರೇಷ್ಮೆ ಸೀರೆ ಉಟ್ಟುಕೊಂಡು ಬಂದಳು. ಮನೆಯಲ್ಲಿ ಟಿವಿ ನೋಡಲು ರೇಷ್ಮೆ ಸೀರೆ! ಕನ್ನಡಕ ಒರೆಸಿ, ಕಾಲು ಮಡಚಿ, ಸೋಫಾ ಬೇಡವೆಂದು ನೆಲದ ಮೇಲೆಯೇ ಪರದೆಯ ಎದುರು ಕೂತಳು. ಸಿನಿಮಾ ಶುರುವಾದರೆ ಮಾತೆಲ್ಲ ಅವಳಿಗೆ ಮೊದಲೇ ಬಾಯಿಪಾಠ. "ಈಗ ಅತ್ತೆ ಬಂದು ಕೊಡ ಒಡೀತಾಳೆ ನೋಡು," ಅನ್ನುವಷ್ಟರಲ್ಲಿ ಕೊಡ ಒಡೆಯಿತು. ಖುಷಿಯಿಂದ ಸೀನಿಯಮ್ಮಾಳ್ ತೊಡೆಗೆ ಒಂದು ಬಾರಿಸಿದಳು. "ಅಕ್ಕಾ, ಒಂದು ಅಕ್ಷರ ತಪ್ಪದ ಹಾಗೆ ಹೇಳಿದ್ದೀಯಲ್ಲ! ನಿನ್ನದು ಬಾಯಾ, ರೀಲ್ ಪೆಟ್ಟಿಗೆಯಾ?"

ಸೀನಿಯಮ್ಮಾಳ್ ಹಲ್ಲು ಕಿರಿದಳು. ಒಂದು ಗಂಟೆ ಐದು ನಿಮಿಷ. ಕಾಲು ತಾವಾಗಿಯೇ ಎದ್ದವು. ಮುತ್ತುಪೇಚ್ಚಿ ಸೆರಗು ಹಿಡಿದೆಳೆದು ಕೂರಿಸಿದಳು. "ಎಲ್ಲಿಗೆ? ಈಗಲೇ ಅಲ್ವಾ ಅವಳು ಮೆಷಿನ್ ತರೋದು!"

ಕೊಟ್ಟಿಗೆ ಬಂತು. ಹಾಡು ಬಂತು. ಮುತ್ತುಪೇಚ್ಚಿ ತಾಳ್ಮೆಯಿಂದ ಕಾದಳು. ಉರುಳುಸೇವೆ ಬಂತು. "ಇದನ್ನ ನೀನು ಹೇಳಿರಲಿಲ್ಲ," ಅಂದಳು. ಶ್ರೀಮಂತನ ಮನೆ ಬಂತು. ಮೂಲೆಯಲ್ಲಿ ಮೆಷಿನ್ ಕಂಡಿತು. "ಬಂತು ಬಂತು!" ಅಂತ ಮೊಣಕಾಲ ಮೇಲೆ ಎದ್ದು ಕೂತಳು. ಪರದೆಯ ಮೇಲಿನ ಹುಡುಗಿ ಮೆಷಿನ್ ಹತ್ತಿರ ಹೋದಳು, ಬಟ್ಟೆ ತೆಗೆದುಕೊಂಡಳು, ಧೂಳು ಒರೆಸಿದಳು, ಮುಂದಕ್ಕೆ ಹೋಗಿ ಕಿಟಕಿ ಒರೆಸಿದಳು.

"ಮೇಕಲಾ, ನಿಲ್ಲಿಸು ತಾಯಿ."

ಮೇಕಲಾ ನಿಲ್ಲಿಸಿದಳು.

"ಅಕ್ಕಾ, ಇದು ಓಡುವಾಗ ನೀನು ಎಲ್ಲಿದ್ದೆ?"

"ಹೊರಗೆ. ಸೇವು ಕಟ್ತಾ ಇದ್ದೆ."

"ಇಷ್ಟು ಹೊತ್ತು?"

"ಎಲ್ಲಾ ಸಿನಿಮಾದಲ್ಲೂ ಇಷ್ಟೇ ಹೊತ್ತು ಕಣೇ. ಬಂದಾಗ ಅವಳ ಹಿಂದೆ ಮೆಷಿನ್ ಇತ್ತು. ಮುಖದಲ್ಲಿ ಅಳು ಇರಲಿಲ್ಲ. ಹೊಲಿದು ಬದುಕಿಕೊಂಡಿದ್ದಾಳೆ ಅಂದ್ಕೊಂಡೆ. ನೀನು ಬೇರೆ ಕಂಬಕ್ಕೆ ಒರಗಿ ನನ್ನನ್ನೇ ನೋಡ್ತಾ ಇದ್ದೆ. ನೋಡ್ತಾ ನೋಡ್ತಾ ಒಂದಕ್ಕೆ ನಾಲ್ಕು ಸೇರಿಸಿಬಿಟ್ಟೆ. ತಪ್ಪಾಯ್ತು ಪೇಚ್ಚಿ."

ಮುತ್ತುಪೇಚ್ಚಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಏನಾದರೂ ಬೈದುಬಿಡಲಿ ಅಂತ ಸೀನಿಯಮ್ಮಾಳ್ ಕಾದಳು.

"ಇದನ್ನ ಆಗಲೇ ಹೇಳಿದ್ದಿದ್ರೆ," ಅಂದಳು ಮುತ್ತುಪೇಚ್ಚಿ ನಿಧಾನವಾಗಿ, "ನಾನು ಮೆಷಿನ್ ಮುಟ್ತಾನೇ ಇರಲಿಲ್ಲ. ಸಿನಿಮಾದಲ್ಲಿ ಮಾಡಿದ್ದಾಳೆ, ಅಷ್ಟು ಜನ ನೋಡಿ ಚಪ್ಪಾಳೆ ಹೊಡೆದಿದ್ದಾರೆ, ನಾನು ಮಾಡಿದ್ರೂ ಯಾರೂ ನಗಲ್ಲ ಅನ್ನೋ ಧೈರ್ಯ ನನಗೆ. ಸೇವು ಮಾರೋ ಸೀನಿಯಕ್ಕ ಹೇಳಿದ್ಲು ಅಂದ್ರೆ ಯಾವಳು ಓಲೆ ಅಡ ಇಡ್ತಾಳೆ?"

"ಅದೇ ಕಣೇ, ಅದಕ್ಕೇ..."

"ಅಂದ್ರೆ ಮೆಷಿನ್ ತುಳಿದ ಮೊದಲನೇ ಹೆಂಗಸು ಇವಳಲ್ಲ. ನಾನೇ." ಅವಳು ಪರದೆಯ ಕಡೆ ಗದ್ದ ತೋರಿಸಿದಳು. ಅಲ್ಲಿ ಧೂಳಿನ ಬಟ್ಟೆ ಹಿಡಿದು ನಿಂತಿದ್ದ ಹುಡುಗಿಯನ್ನು ನೋಡಿ ಮೂಗು ಮುರಿದಳು. "ಇವಳನ್ನ ನೋಡಿ ಕಲಿತೆ ಅಂತ ನಲವತ್ತು ವರ್ಷ ಊರೆಲ್ಲ ಹೇಳ್ಕೊಂಡು ಬಂದೆ! ಬಾಬಿನ್ ಯಾವ ಕಡೆ ಇರುತ್ತೆ ಅಂತ ಗೊತ್ತಾ ಇವಳಿಗೆ?"

ಮೊದಲು ನಕ್ಕಿದ್ದು ಮೇಕಲಾ. ಆಮೇಲೆ ಮುತ್ತುಪೇಚ್ಚಿ, ರೇಷ್ಮೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು. ಸೀನಿಯಮ್ಮಾಳ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಆ ಖುಷಿಯಲ್ಲಿ ಬಾಯಿ ತಪ್ಪಿ, "ಬುಧವಾರದಿಂದ ನನಗೆ ಪ್ರಾಣವೇ ಇರಲಿಲ್ಲ ಕಣೇ," ಅಂದುಬಿಟ್ಟಳು.

ಮುತ್ತುಪೇಚ್ಚಿಯ ನಗು ಅಲ್ಲೇ ನಿಂತಿತು. "ಬುಧವಾರ? ಬುಧವಾರವೇ ನೋಡಿದ್ಯಾ?"

"ಅದು... ಇವಳು ಹಾಕಿದ್ಲು."

"ನನ್ನನ್ನ ಯಾಕೆ ಎಳೀತೀರಾ ಅತ್ತೆ?"

"ಬುಧ, ಗುರು, ಶುಕ್ರ, ಶನಿ!" ಮುತ್ತುಪೇಚ್ಚಿ ಬೆರಳು ಮಡಚಿದಳು. ಈಗ ಬಂದಿತ್ತು ಅವಳಿಗೆ ನಿಜವಾದ ಸಿಟ್ಟು. "ಆವತ್ತು ಕಥೆ ಕಟ್ಟಿದ್ದು ಇರಲಿ ಬಿಡು, ಗೊತ್ತಿಲ್ಲದೆ ಕಟ್ಟಿದೆ. ನನ್ನ ಸಿನಿಮಾನ ನನ್ನನ್ನ ಬಿಟ್ಟು ನೋಡಿ, ನಾಲ್ಕು ದಿನ ಹೊಟ್ಟೆಯಲ್ಲಿ ಇಟ್ಕೊಂಡು, ಫೋನ್ ಮಾಡಿ ಮಲ್ಲಿಗೆ ರೇಟು ಕೇಳ್ತೀಯಾ? ನಾನು ರೇಷ್ಮೆ ಸೀರೆ ಬೇರೆ ಉಟ್ಕೊಂಡು ಬಂದೆ, ಮದುವೆ ಹೆಣ್ಣಿನ ಥರ!"

"ನೀನು ನನ್ನನ್ನ ಬಿಟ್ಟುಬಿಡ್ತೀಯ ಅಂತ ಹೆದರಿಕೆ ಆಯ್ತು ಪೇಚ್ಚಿ. ಈ ಬೀದಿಯಲ್ಲಿ ಆ ಜಗಲಿಯೋರು ಅಂತ ಉಳಿದಿರೋದು ನಾವಿಬ್ಬರೇ ಅಲ್ವಾ."

ಮುತ್ತುಪೇಚ್ಚಿ ಎದುರಿಗಿದ್ದ ಸೇವಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಸಿಟ್ಟಿನಲ್ಲೇ ಕಟಕಟ ಅಗಿಯತೊಡಗಿದಳು. ಅರ್ಧ ತಟ್ಟೆ ಖಾಲಿಯಾದ ಮೇಲೆ, "ಮೇಕಲಾ, ಹಾಕು. ಇವಳ ಕೊನೇನೂ ನೋಡಿಬಿಡೋಣ," ಅಂದಳು. ಗಂಡ ಬಂದ. ಹುಡುಗಿ ಅವನ ಕಾಲಿಗೆ ಬಿದ್ದಳು. ಇಬ್ಬರೂ ಕುದುರೆ ಗಾಡಿ ಹತ್ತಿದರು. "ಹೋಗ್ತಾಳಲ್ಲಾ ದಡ್ಡಿ!" ಅಂತ ಗೆಳತಿಯರಿಬ್ಬರೂ ಒಂದೇ ಉಸಿರಿಗೆ ಬೈದರು.

ಹೊರಡುವಾಗ ಹೊಸಿಲಿನಲ್ಲಿ ನಿಂತು ಮುತ್ತುಪೇಚ್ಚಿ ತಿರುಗಿ ಕೇಳಿದಳು. "ಅಕ್ಕಾ, ಆ ದೋಣಿಯವನ ಸಿನಿಮಾ ಇತ್ತಲ್ಲ, ತಂಗಿ ಗೆಜ್ಜೆಗೋಸ್ಕರ ಪ್ರವಾಹಕ್ಕೆ ಧುಮುಕ್ತಾನೆ. ಅದು ಸಿನಿಮಾದ್ದಾ, ನಿಂದಾ?"

ಸೀನಿಯಮ್ಮಾಳ್‌ಗೆ ನೀರಿನ ಸದ್ದು ಕಿವಿಯಲ್ಲಿತ್ತು, ಗೆಜ್ಜೆ ಕಣ್ಣಿಗೆ ಕಟ್ಟಿದಂತಿತ್ತು. "ಗೊತ್ತಿಲ್ಲ ಕಣೇ. ಸತ್ಯವಾಗ್ಲೂ ಗೊತ್ತಿಲ್ಲ."

"ಹಾಗಾದ್ರೆ ನೋಡಲೇಬೇಕು. ಬರೋ ಮಂಗಳವಾರ ಅಂಗಡಿ ರಜೆ, ಎರಡೂವರೆಗೆ ಬರ್ತೀನಿ. ಮೇಕಲಾ, ನೀನು ಹುಡುಕಿ ಇಟ್ಟಿರು ತಾಯಿ, ಆದ್ರೆ ರಿಮೋಟ್ ಮಾತ್ರ ಇವಳ ಕೈಗೆ ಸಿಗದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕು." ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು, ಬೀದಿಯಿಂದಲೇ ಬೆರಳೆತ್ತಿ ಕೂಗಿದಳು. "ನಾನು ಬರೋ ಮೊದಲು ಒಂದು ನಿಮಿಷ ನೋಡಿದ್ರೂ ನೋಡು ಮತ್ತೆ!"